ಎರಡನೇ ಮಹಡಿಯ ಮೆಟ್ಟಿಲು: ಡೌನ್ ಸಿಂಡ್ರೋಮ್ ಇರುವ ಮಗಳ ಉಸಿರಿಗೆ ವ್ಯಾಯಾಮ ಬಲ ಕೊಡುತ್ತದೆಯೇ?

ಪ್ರಶ್ನೆ: "ನನ್ನ ಮಗಳಿಗೆ 9 ವರ್ಷ. ಡೌನ್ ಸಿಂಡ್ರೋಮ್ ಇದೆ. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರ ಇತ್ತು, 8 ತಿಂಗಳಿದ್ದಾಗ ಆಪರೇಷನ್ ಆಯಿತು. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಹತ್ತುವಷ್ಟರಲ್ಲಿ ಏದುಸಿರು ಬಂದು ಮಧ್ಯದ ಮೆಟ್ಟಿಲಲ್ಲೇ ಕೂತುಬಿಡುತ್ತಾಳೆ. ಮಳೆಗಾಲ ಬಂತೆಂದರೆ ಶೀತ, ಕಫ, ಆಸ್ಪತ್ರೆ. ಹೋದ ತಿಂಗಳು ಊದಿಸುವ ಪರೀಕ್ಷೆ ಮಾಡಿಸಿದೆವು. ಶ್ವಾಸಕೋಶದ ಸಾಮರ್ಥ್ಯ ಶೇ. 62 ಅಂತ ಬಂತು. ವ್ಯಾಯಾಮ ಮಾಡಿಸಿ ಎಂದರು. ಯಾವುದು, ಎಷ್ಟು ಅಂತ ಹೇಳಲಿಲ್ಲ. ನಮ್ಮ ಅತ್ತೆ, 'ಹಾರ್ಟ್ ಆಪರೇಷನ್ ಆದ ಮಗು, ಓಡಿಸಬೇಡ' ಅನ್ನುತ್ತಾರೆ. ಶೀತ ಆದಾಗ ಮೂಗಿಗೆ ಎಣ್ಣೆ ಬಿಡುತ್ತಾರೆ. ಪಕ್ಕದ ಮನೆಯವರು ಬಲೂನ್ ಊದಿಸಿ, ಪ್ರಾಣಾಯಾಮ ಮಾಡಿಸಿ ಅನ್ನುತ್ತಾರೆ. ಕೋವಿಡ್ ಕಾಲದ ಮೂರು ಚೆಂಡಿನ ಡಬ್ಬಿಯೂ ಮನೆಯಲ್ಲಿದೆ. ಈಜಿಗೆ ಸೇರಿಸಲು ನನಗೆ ಆಸೆ, ಅವರ ಅಪ್ಪನಿಗೆ ಭಯ. ಶಾಲೆಯಲ್ಲಿ ಪಿಟಿ ಪೀರಿಯಡ್‌ನಲ್ಲಿ ಅವಳನ್ನು ಬದಿಗೆ ಕೂರಿಸುತ್ತಾರೆ. ವ್ಯಾಯಾಮದಿಂದ ಶ್ವಾಸಕೋಶ ನಿಜವಾಗಿ ಬಲವಾಗುತ್ತಾ?"
(ಹಾಸನ ಜಿಲ್ಲೆಯಿಂದ ಒಬ್ಬ ತಾಯಿ)

ಉತ್ತರ:

ಅಮ್ಮ, ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ಒಂದೇ ಆದರೂ ಅದರೊಳಗೆ ಎರಡು ಭಯ ಇವೆ. ಓಡಿಸಿದರೆ ಏನಾದರೂ ಆಗಿಬಿಟ್ಟರೆ ಅನ್ನುವುದು ಒಂದು. ಓಡಿಸದೆ ಕೂರಿಸಿದರೆ ಇನ್ನೂ ಸೊರಗುತ್ತಾಳೇನೋ ಅನ್ನುವುದು ಇನ್ನೊಂದು. ಮಕ್ಕಳ ಫಿಸಿಯೋಥೆರಪಿಯಲ್ಲಿ ನಾನು ಇಷ್ಟು ವರ್ಷ ಕಂಡಿರುವುದನ್ನೇ ಹೇಳುತ್ತೇನೆ. ಕೂರಿಸಿದ್ದರಿಂದ ಹಾಳಾದ ಮಕ್ಕಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಹಾಗಂತ ನಿಮ್ಮ ಅತ್ತೆಯ ಮಾತಿನಲ್ಲಿ ಹುರುಳೇ ಇಲ್ಲ ಎಂದಲ್ಲ. ಅವರು ಕಾವಲು ಕಾಯುತ್ತಿರುವ ಜಾಗ ಸರಿಯಾಗಿದೆ. ಅಲ್ಲಿ ಒಂದು ಎಕೋ ಪರೀಕ್ಷೆ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ಅವರ ಮನಸ್ಸೂ ಹಗುರಾಗುತ್ತದೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಹೌದು, ವ್ಯಾಯಾಮದಿಂದ ಉಸಿರಾಟ ಬಲವಾಗುತ್ತದೆ. ಆದರೆ ಬಲವಾಗುವುದು ಶ್ವಾಸಕೋಶಕ್ಕಿಂತ ಜಾಸ್ತಿ, ಅದನ್ನು ಉಬ್ಬಿಸಿ ಕುಗ್ಗಿಸುವ ಮಾಂಸಖಂಡಗಳು. ಕುಲುಮೆಯ ತಿದಿ ನೋಡಿದ್ದೀರಲ್ವಾ? ತಿದಿಯ ಚರ್ಮ ತಾನಾಗಿ ಉಬ್ಬುವುದಿಲ್ಲ, ಎಳೆಯುವ ಕೈ ಬೇಕು. ನಮ್ಮ ಎದೆಯಲ್ಲಿ ಆ ಕೈಯ ಕೆಲಸ ಮಾಡುವುದು ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಮಾಂಸದ ಪರದೆ), ಪಕ್ಕೆಲುಬುಗಳ ನಡುವಿನ ಮಾಂಸಖಂಡ ಮತ್ತು ಹೊಟ್ಟೆಯ ಮಾಂಸಖಂಡ. ಚರ್ಮವನ್ನು ನಾವು ಬದಲಿಸಲಾರೆವು. ಎಳೆಯುವ ಕೈಯನ್ನು ಗಟ್ಟಿ ಮಾಡಬಹುದು.

ಆ ಶೇ. 62

ಈ ಅಂಕಿ ನಿಮ್ಮ ನಿದ್ದೆ ಕೆಡಿಸಿದೆ ಅಂತ ಪತ್ರದಲ್ಲೇ ಕಾಣುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಮಾಡಿಸಿದ್ದು ಸ್ಪೈರೋಮೆಟ್ರಿ. ಅವಳ ವಯಸ್ಸು, ಎತ್ತರಕ್ಕೆ ಇರಬೇಕಾದ ಅಳತೆಯನ್ನು 100 ಅಂತ ಇಟ್ಟರೆ ಅವಳದು 62 ಅಂತ ಅರ್ಥ. ಅದರಲ್ಲಿ ಮಗು ಎದೆ ತುಂಬ ಉಸಿರು ಎಳೆಯಬೇಕು, ನಳಿಕೆಯ ಸುತ್ತ ತುಟಿ ಬಿಗಿಯಾಗಿ ಮುಚ್ಚಬೇಕು, ಒಮ್ಮೆಗೇ ಜೋರಾಗಿ ಬಿಡಬೇಕು, ಆಮೇಲೂ ನಿಲ್ಲಿಸದೆ ಕೊನೆಯವರೆಗೆ ಊದುತ್ತಲೇ ಇರಬೇಕು. ದೊಡ್ಡವರೇ ಮೊದಲ ಸಲ ತಪ್ಪುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ತುಟಿಯ ಬಿಗಿ ಕಡಿಮೆ, ನಾಲಿಗೆ ಮುಂದೆ ಬರುತ್ತದೆ, ಬದಿಯಿಂದ ಗಾಳಿ ಸೋರುತ್ತದೆ. ಒಂದರ ಹಿಂದೆ ಒಂದು ಬರುವ ಸೂಚನೆಗಳನ್ನು ಹಿಡಿದು ಹಾಗೇ ಮಾಡುವುದೂ ಅವರಿಗೆ ಕಷ್ಟ. ಹಾಗಾಗಿ ಯಂತ್ರ ಅಳೆಯುವುದು ಶ್ವಾಸಕೋಶವನ್ನೂ ಹೌದು, ಮಗುವಿಗೆ ಸೂಚನೆ ಎಷ್ಟು ಅರ್ಥ ಆಯಿತು ಅನ್ನುವುದನ್ನೂ ಹೌದು.

ಅವಳ ಅಂಕಿ ಕಡಿಮೆ ಇರುವುದು ನಿಜವೇ ಇರಬಹುದು. ಈ ಮಕ್ಕಳಲ್ಲಿ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆದರೆ 62 ಅನ್ನುವುದನ್ನು ಕಲ್ಲಿನ ಮೇಲಿನ ಬರಹದ ಹಾಗೆ ನೋಡಬೇಡಿ. ವರದಿಯಲ್ಲಿ ಅವಳು ಊದಿದ ಗೆರೆಗಳ ಚಿತ್ರ ಇರುತ್ತದೆ. ಮೂರು ಸಲವಾದರೂ ಊದಿಸಿದ್ದಾರಾ, ಆ ಗೆರೆಗಳು ಒಂದರ ಮೇಲೊಂದು ಕೂರುತ್ತವಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಒಂದೊಂದು ಒಂದೊಂದು ದಿಕ್ಕಿಗೆ ಹೋಗಿದ್ದರೆ ಆ ಅಂಕಿಗೆ ತೂಕ ಇಲ್ಲ. ಮನೆಯಲ್ಲಿ ಎರಡು ವಾರ ಊದುವ ಆಟ ಆಡಿಸಿ, ಪುನಃ ಅದೇ ಜಾಗದಲ್ಲಿ ಮಾಡಿಸಿ. ಆಗ ಬರುವುದು ನಿಮ್ಮ ನಿಜವಾದ ಮೊದಲ ಅಂಕಿ.

ಉಸಿರು ಸಾಲದೆ ಹೋಗಲು ಕಾರಣಗಳು

ಡೌನ್ ಸಿಂಡ್ರೋಮ್‌ನಲ್ಲಿ 21ನೇ ವರ್ಣತಂತು (ಕ್ರೋಮೋಸೋಮ್) ಎರಡರ ಬದಲು ಮೂರು ಇರುತ್ತದೆ. ಇದು ಗೊತ್ತಾಗಿದ್ದು 1959ರಲ್ಲಿ. ಆ ಒಂದು ಹೆಚ್ಚುವರಿ ತಂತುವಿನ ಪರಿಣಾಮ ಬುದ್ಧಿಗೆ ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಮೈಯ ಬಹುತೇಕ ಎಲ್ಲ ಕಡೆ ತನ್ನ ಗುರುತು ಬಿಡುತ್ತದೆ, ಎದೆಯಲ್ಲೂ.

ಶ್ವಾಸಕೋಶದ ಕೊನೆಯಲ್ಲಿ ಪುಟ್ಟ ಗಾಳಿಗೂಡುಗಳಿವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿ. ಈ ಮಕ್ಕಳಲ್ಲಿ ಆ ಗೂಡುಗಳ ಸಂಖ್ಯೆ ಕಡಿಮೆ, ಗಾತ್ರ ದೊಡ್ಡದು. ಒಂದು ದೊಡ್ಡ ಕೋಣೆಗಿಂತ ಹತ್ತು ಸಣ್ಣ ಕೋಣೆಗಳಲ್ಲಿ ಗೋಡೆ ಜಾಸ್ತಿ ಇರುತ್ತದಲ್ವಾ? ಆಮ್ಲಜನಕ ದಾಟುವುದು ಗೋಡೆಯ ಮೂಲಕ. ಗೋಡೆ ಕಡಿಮೆ ಆದರೆ ದಾಟುವ ಜಾಗವೂ ಕಡಿಮೆ. ಇದು ಹುಟ್ಟಿನಿಂದ ಬಂದದ್ದು. ಯಾವ ವ್ಯಾಯಾಮವೂ, ಯಾವ ಪ್ರಾಣಾಯಾಮವೂ, ಯಾವ ಟಾನಿಕ್ಕೂ 9 ವರ್ಷದ ಮಗುವಿನಲ್ಲಿ ಇದನ್ನು ಸರಿ ಮಾಡಲಾರದು. 'ಹೊಸ ಶ್ವಾಸಕೋಶ ಬೆಳೆಸುತ್ತೇವೆ' ಅನ್ನುವ ಜಾಹೀರಾತು ಕಂಡರೆ ನಿಮ್ಮ ದುಡ್ಡು ಜೇಬಿನಲ್ಲೇ ಇರಲಿ.

ಎರಡನೆಯದು ದಾರಿ. ಮೂಗು, ಗಂಟಲು, ಶ್ವಾಸನಾಳ ಎಲ್ಲ ಸ್ವಲ್ಪ ಕಿರಿದು, ಕೆಲವರಲ್ಲಿ ಮೆತ್ತಗೂ ಇರುತ್ತದೆ. ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಸ್ವಲ್ಪ ಊದಿದರೂ ಸಾಕು, ಗಾಳಿಗೆ ಅಡ್ಡ. ರೋಗ ತಡೆಯುವ ಶಕ್ತಿಯೂ ಕಡಿಮೆ. ಹಾಗಾಗಿ ಬೇರೆ ಮಕ್ಕಳಿಗೆ ಮೂರು ದಿನದ ಶೀತ ಇವರಿಗೆ ಎದೆಗಿಳಿದು ಮೂರು ವಾರ ಕಾಡುತ್ತದೆ.

ಮೂರನೆಯದು ಮಾಂಸಖಂಡದ ಮೆತ್ತಗು. ಹುಟ್ಟಿದಾಗ ಎತ್ತಿಕೊಂಡರೆ ಮಗು ಕೈಯಿಂದ ಜಾರುವ ಹಾಗೆ ಅನಿಸುತ್ತಿತ್ತು ಅಂತ ಎಷ್ಟೋ ತಾಯಂದಿರು ನನಗೆ ಹೇಳಿದ್ದಾರೆ. ಅದೇ ಮೆತ್ತಗು ವಪೆಯಲ್ಲೂ ಹೊಟ್ಟೆಯಲ್ಲೂ ಇರುತ್ತದೆ. ಬೆನ್ನು ಬಾಗಿಸಿ ಕೂರುತ್ತಾರೆ, ಎದೆಗೂಡು ಮುದುಡುತ್ತದೆ. ಕೆಮ್ಮಲು ಬಲ ಸಾಲದೆ ಕಫ ಒಳಗೇ ಉಳಿಯುತ್ತದೆ. ಇದರ ಮೇಲೆ ತೂಕ ಏರಿದರೆ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ವ್ಯಾಯಾಮ ಕೈ ಹಾಕುವುದು ಈ ಮೂರನೆಯ ಕಾರಣಕ್ಕೆ. ನನ್ನ ಅನುಭವದಲ್ಲಿ ಈ ಮಕ್ಕಳ ಏದುಸಿರಿನ ದೊಡ್ಡ ಪಾಲು ಇಲ್ಲೇ ಇರುತ್ತದೆ. ಅದೇ ನನಗೆ ಧೈರ್ಯ ಕೊಡುವ ವಿಷಯ.

ಶುರು ಮಾಡುವ ಮೊದಲು ನಾಲ್ಕು ಬಾಗಿಲು ತಟ್ಟಿ

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಹಿಂದೆ ಒಬ್ಬ ಹುಡುಗ ನನ್ನ ಹತ್ತಿರ ಬರುತ್ತಿದ್ದ. ಎರಡು ತಿಂಗಳು ಕಷ್ಟಪಟ್ಟು ವ್ಯಾಯಾಮ ಮಾಡಿಸಿದೆ, ಏನೂ ಬದಲಾಗಲಿಲ್ಲ. ಸೋಮಾರಿ ಅಂತ ಮನೆಯವರು ಬೈದರು. ನಾನೂ ಅವನಿಗೆ ಮನಸ್ಸಿಲ್ಲ ಅಂದುಕೊಂಡೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ತುಂಬ ಕಡಿಮೆ ಇತ್ತು. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಅದೇ ಹುಡುಗ ತಾನೇ ಚೆಂಡು ತಂದು ನನ್ನ ಮುಂದೆ ನಿಂತ. ಆ ಎರಡು ತಿಂಗಳು ಅವನು ಬೈಗುಳ ತಿಂದದ್ದು ಇವತ್ತಿಗೂ ನನಗೆ ನೋವು ಕೊಡುತ್ತದೆ. ಅದಕ್ಕೇ ಈಗ ಈ ನಾಲ್ಕನ್ನು ನೋಡದೆ ನಾನು ಶುರುವೇ ಮಾಡುವುದಿಲ್ಲ.

ಮೊದಲನೆಯದು ಹೃದಯ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಹುಟ್ಟಿನಿಂದ ಹೃದಯದ ತೊಂದರೆ ಇರುತ್ತದೆ. ಆಪರೇಷನ್ ಚೆನ್ನಾಗಿ ಆಗಿದ್ದರೆ ಬಹುತೇಕ ಮಕ್ಕಳು ಧಾರಾಳವಾಗಿ ಆಡಬಹುದು. ಆದರೆ ಕೆಲವರಲ್ಲಿ ಕವಾಟ ಸೋರುತ್ತಿರಬಹುದು. ಇನ್ನು ಕೆಲವರಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಜಾಸ್ತಿ ಉಳಿದಿರಬಹುದು. ಈ ಒತ್ತಡ ಇದ್ದರೆ ಜೋರಾದ ವ್ಯಾಯಾಮ ನಿಜಕ್ಕೂ ಅಪಾಯ. ಕೊನೆಯ ಎಕೋ ಯಾವಾಗ ಆಯಿತು ಅಂತ ನೀವು ಬರೆದಿಲ್ಲ. ಇತ್ತೀಚಿನದಲ್ಲದಿದ್ದರೆ ಮಾಡಿಸಿ. ಹೃದಯದ ಡಾಕ್ಟರ ಹತ್ತಿರ 'ಏನು ಮಾಡಬಹುದು, ಏನು ಬೇಡ' ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಮುಂದೆ ಶಾಲೆಯಲ್ಲೂ ಬೇಕಾಗುತ್ತದೆ.

ಎರಡನೆಯದು ಕುತ್ತಿಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ತುಂಬ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ. ತಲೆಬುರುಡೆಯ ಕೆಳಗಿನ ಮೊದಲ ಎರಡು ಮೂಳೆಗಳನ್ನು ಹಿಡಿದಿರುವ ಕಟ್ಟುಗಳು ಈ ಮಕ್ಕಳಲ್ಲಿ ಸಡಿಲ. ಎಕ್ಸ್-ರೇ ತೆಗೆದರೆ 100ರಲ್ಲಿ 10ರಿಂದ 20 ಮಕ್ಕಳಲ್ಲಿ ಆ ಸಡಿಲ ಕಾಣಬಹುದು. ಅದರಿಂದ ನಿಜವಾಗಿ ತೊಂದರೆ ಆಗುವುದು ಒಂದಿಬ್ಬರಿಗೆ. ಆದರೆ ಆ ಮೂಳೆ ಜಾರಿದರೆ ಒತ್ತುವುದು ಬೆನ್ನುಹುರಿಯನ್ನು. ಯಾವ ಲಕ್ಷಣವೂ ಇಲ್ಲದ ಮಗುವಿಗೆ ಸುಮ್ನೆ ಎಕ್ಸ್-ರೇ ಬೇಡ ಅನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಸಂಘ. ಚಿತ್ರದಲ್ಲಿ ಚೆನ್ನಾಗಿದ್ದ ಮಾತ್ರಕ್ಕೆ ಮುಂದೆ ತೊಂದರೆ ಬರುವುದೇ ಇಲ್ಲ ಅಂತ ಹೇಳಲಾಗದು. ಅದಕ್ಕಿಂತ ಲಕ್ಷಣಗಳ ಮೇಲೆ ಕಣ್ಣಿಡುವುದು ಮುಖ್ಯ. ಕುತ್ತಿಗೆ ನೋವು, ತಲೆ ಒಂದು ಕಡೆ ವಾಲಿಸುವುದು, ಮೊದಲು ಚೆನ್ನಾಗಿ ನಡೆಯುತ್ತಿದ್ದವಳು ಎಡವುವುದು, ಕೈಯಲ್ಲಿ ಹಿಡಿತ ತಪ್ಪುವುದು, ಬಟ್ಟೆಯಲ್ಲಿ ಮೂತ್ರ ಮಾಡಿಕೊಳ್ಳಲು ಹೊಸದಾಗಿ ಶುರು ಮಾಡುವುದು. ಇವುಗಳಲ್ಲಿ ಒಂದು ಕಂಡರೂ ಎಲ್ಲ ವ್ಯಾಯಾಮ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಮೂರನೆಯದು ಥೈರಾಯ್ಡ್, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ನಾಲ್ಕನೆಯದು ನಿದ್ದೆ. ಈ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಗೊರಕೆ, ಬಾಯಿ ತೆರೆದು ಮಲಗುವುದು, ಕೂತಲ್ಲೇ ಮುಂದಕ್ಕೆ ಬಾಗಿ ನಿದ್ದೆ ಮಾಡುವುದು, ಬೆಳಗ್ಗೆ ಸಿಡುಕು ಇವೆಲ್ಲ ಗುರುತುಗಳು. ಗೊರಕೆ ಹೊಡೆಯದ ಮಕ್ಕಳಲ್ಲೂ ಇರಬಹುದು. ಅದಕ್ಕೇ 4 ವರ್ಷದೊಳಗೆ ಒಮ್ಮೆ ನಿದ್ದೆಯ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ನಿಮ್ಮದು ಆಗಿಲ್ಲದಿದ್ದರೆ ಈಗಲೂ ತಡವಿಲ್ಲ. ರಾತ್ರಿಯೆಲ್ಲ ಉಸಿರಿಗೆ ಒದ್ದಾಡಿದ ಮಗು ಹಗಲು ಮೆಟ್ಟಿಲು ಹತ್ತಲಿ ಅಂದರೆ ಹೇಗೆ?

ಜೊತೆಗೆ ಒಂದು ಮಾತು. ನೀರು ಕುಡಿಯುವಾಗ ಪದೇ ಪದೇ ಕೆಮ್ಮು ಬರುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಸ್ವಲ್ಪ ಸ್ವಲ್ಪವೇ ಶ್ವಾಸನಾಳಕ್ಕೆ ಹೋಗುತ್ತಿರಬಹುದು. ಮೂಗಿಗೆ ಎಣ್ಣೆ ಬಿಡುವುದನ್ನಂತೂ ಇವತ್ತೇ ನಿಲ್ಲಿಸಿ. ಎಣ್ಣೆ ಗಂಟಲಿಗಿಳಿದರೆ ಕೆಮ್ಮು ಬರುವುದಿಲ್ಲ, ಸದ್ದಿಲ್ಲದೆ ಶ್ವಾಸಕೋಶ ಸೇರುತ್ತದೆ. ಅಲ್ಲಿ ಕೂತು ನ್ಯುಮೋನಿಯಾ ತರುತ್ತದೆ. ಅತ್ತೆಯವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ. ಉಪ್ಪುನೀರಿನ ಮೂಗಿನ ಹನಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅದನ್ನು ಅವರ ಕೈಗೇ ಕೊಡಿ.

ಅಧ್ಯಯನಗಳು ಏನು ಹೇಳುತ್ತವೆ

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಟ್ರೆಡ್‌ಮಿಲ್, ಸೈಕಲ್, ಈಜು, ದೋಣಿ ಹುಟ್ಟು ಹಾಕುವಂತಹ ಯಂತ್ರ, ಉಸಿರಿನ ಮಾಂಸಖಂಡದ ತರಬೇತಿ ಇವನ್ನೆಲ್ಲ ಮಾಡಿಸಿ ನೋಡಿದ್ದಾರೆ. ಹೆಚ್ಚಿನವು ವಾರಕ್ಕೆ ಮೂರು ದಿನದ ಸುಮಾರಿಗೆ, 8ರಿಂದ 12 ವಾರ ನಡೆದವು. ಉಸಿರು ಎಳೆಯುವ, ಬಿಡುವ ಮಾಂಸಖಂಡಗಳ ಬಲ ಜಾಸ್ತಿಯಾಗಿದ್ದು ಕಂಡಿದೆ. ಊದುವ ಅಂಕಿಗಳೂ ಹಲವು ಕಡೆ ಏರಿವೆ. ಆದರೆ ಈ ಗುಂಪುಗಳು ಚಿಕ್ಕವು. ಏರಿಕೆಯಲ್ಲಿ ಒಂದು ಪಾಲು ಮಕ್ಕಳು ಊದುವುದನ್ನು ಕಲಿತದ್ದರಿಂದಲೂ ಬಂದಿರಬಹುದು. ಹಾಗಾಗಿ 'ಇಷ್ಟು ವಾರ ಮಾಡಿಸಿ, ಅಂಕಿ ಇಷ್ಟಾಗುತ್ತದೆ' ಅಂತ ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ನಾನು ನಂಬುವ ಅಳತೆ ನಿಮ್ಮ ಮನೆಯ ಮೆಟ್ಟಿಲು. ಅವಳು ಎಷ್ಟನೇ ಮೆಟ್ಟಿಲಲ್ಲಿ ಕೂರುತ್ತಾಳೆ? ಇವತ್ತೇ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಇನ್ನೊಂದು ವಿಷಯ. ಜೋರಾಗಿ ಓಡಿದಾಗ ಇವರ ನಾಡಿ ಬೇರೆ ಮಕ್ಕಳಷ್ಟು ಏರುವುದಿಲ್ಲ. ನಿಮಿಷಕ್ಕೆ 20, 30 ಬಡಿತ ಕಡಿಮೆಯಲ್ಲೇ ನಿಂತುಬಿಡುತ್ತದೆ. ಇದು ಅವರ ದೇಹದ ರೀತಿ. ಆದ್ದರಿಂದ ನಾಡಿ ಎಷ್ಟರವರೆಗೆ ಏರಬಹುದು ಅಂತ 220ರಲ್ಲಿ ವಯಸ್ಸು ಕಳೆಯುವ ಜಿಮ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಕೈಗಡಿಯಾರ ನೋಡಿ 'ಇನ್ನೂ ಜೋರಾಗಿ' ಅಂತ ಓಡಿಸಬೇಡಿ. ಮಾತಾಡಬಲ್ಲಳು ಆದರೆ ಹಾಡಲಾರಳು ಅನ್ನುವಷ್ಟು ಶ್ರಮ ಸಾಕು. ಮಾತು ಕಡಿಮೆ ಇರುವ ಮಗುವಾದರೆ ಮುಖ ನೋಡಿ. ಕೆನ್ನೆ ಕೆಂಪಗಾಗಿ, ನಗುತ್ತಾ ಏದುಸಿರು ಬಿಡುತ್ತಿದ್ದರೆ ಒಳ್ಳೆಯದು. ಸಾಕಾದಾಗ ಸಾಕು ಎಂದು ತೋರಿಸುವ ಒಂದು ಕೈಸನ್ನೆ ಮೊದಲೇ ಕಲಿಸಿ. ಆ ಸನ್ನೆ ಮಾಡಿದ ತಕ್ಷಣ ನಿಲ್ಲಿಸಿ. ನಿಲ್ಲಿಸುತ್ತೀರಿ ಅಂತ ನಂಬಿಕೆ ಬಂದರೆ ನಾಳೆ ತಾನೇ ಬರುತ್ತಾಳೆ.

ಏನು ಮಾಡಿಸಬಹುದು

ನಡಿಗೆ ಮತ್ತು ಕುಣಿತ ನನ್ನ ಮೊದಲ ಆಯ್ಕೆ. ಯಂತ್ರ ಬೇಡ, ಫೀಸು ಬೇಡ. ಈ ಮಕ್ಕಳಲ್ಲಿ ತುಂಬ ಜನಕ್ಕೆ ಸಂಗೀತ ಅಂದರೆ ಜೀವ. ಟ್ರೆಡ್‌ಮಿಲ್ ಮೇಲೆ ಎರಡು ನಿಮಿಷ ನಿಲ್ಲದ ಮಗು ಇಷ್ಟದ ಹಾಡು ಹಾಕಿದರೆ ಅರ್ಧ ಗಂಟೆ ಕುಣಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲ ಎರಡು ವಾರ ದಿನಕ್ಕೆ 10 ನಿಮಿಷ, ಬೇಕಾದರೆ ಐದೈದು ನಿಮಿಷದ ಎರಡು ಕಂತು. ವಾರಕ್ಕೆ ಎರಡೆರಡು ನಿಮಿಷ ಏರಿಸಿ. ಅವಸರ ಬೇಡ. 5 ವರ್ಷ ದಾಟಿದ, ಅಂಗವಿಕಲತೆ ಇರುವ ಮಕ್ಕಳೂ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾಗಿ ಆಡಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದು ದೂರದ ಊರು. ಅಲ್ಲಿಗೆ ಒಂದು ವರ್ಷ ಹಿಡಿದರೂ ಪರವಾಗಿಲ್ಲ. ಕಾಲಿಗೆ ಗಟ್ಟಿ ಬೂಟು ಹಾಕಿಸಿ. ಪಾದ ಚಪ್ಪಟೆ ಇರುವುದರಿಂದ ಚಪ್ಪಲಿಯಲ್ಲಿ ಬೇಗ ಕಾಲು ನೋಯುತ್ತದೆ. ಕಾಲು ನೋವನ್ನೇ ನಾವು ಎಷ್ಟೋ ಸಲ ದಮ್ಮು ಅಂದುಕೊಳ್ಳುತ್ತೇವೆ.

ಮೆಟ್ಟಿಲನ್ನೂ ಬಿಡಬೇಡಿ. ಅವಳು ಕೂರುವ ಜಾಗಕ್ಕಿಂತ ಎರಡು ಮೆಟ್ಟಿಲು ಮೊದಲೇ ನೀವೇ ನಿಲ್ಲಿಸಿ, ಉಸಿರು ಸುಧಾರಿಸಿಕೊಳ್ಳಲಿ, ಆಮೇಲೆ ಹತ್ತಿಸಿ. ಸುಸ್ತಾಗಿ ಕುಸಿಯುವುದಕ್ಕೂ ಆರಾಮಾಗಿ ನಿಲ್ಲುವುದಕ್ಕೂ ಮಗುವಿನ ಮನಸ್ಸಿನಲ್ಲಿ ತುಂಬ ವ್ಯತ್ಯಾಸ ಇದೆ.

ಬಲದ ಕೆಲಸವೂ ಬೇಕು. ಸ್ಟೂಲಿನಿಂದ ಕೈ ಹಿಡಿಯದೆ ಹತ್ತು ಸಲ ಏಳುವುದು, ಗೋಡೆ ತಳ್ಳುವುದು, ಚಪಾತಿ ಹಿಟ್ಟು ನಾದುವುದು, ಅರ್ಧ ಕೊಡ ನೀರು ತರುವುದು. ಎತ್ತುವಾಗ, ತಳ್ಳುವಾಗ ಉಸಿರು ಬಿಗಿಹಿಡಿಯದೆ 'ಹೂ...' ಅಂತ ಬಿಡುತ್ತಾ ಮಾಡಲಿ. ಹೃದಯದ ಆಪರೇಷನ್ ಆದವರಿಗೆ ಇದು ಮುಖ್ಯ. ಹೊಟ್ಟೆ, ಬೆನ್ನು ಗಟ್ಟಿಯಾದರೆ ಎದೆಗೂಡು ತೆರೆದುಕೊಳ್ಳುತ್ತದೆ, ಕೆಮ್ಮಿಗೂ ಬಲ ಬರುತ್ತದೆ.

ಈಜು. ನಿಮ್ಮ ಆಸೆ ಒಳ್ಳೆಯದು. ಎದೆಮಟ್ಟದ ನೀರಲ್ಲಿ ನಿಂತರೆ ಸಾಕು, ನೀರು ಎದೆಗೂಡನ್ನು ಸುತ್ತಲಿಂದ ಒತ್ತುತ್ತದೆ. ಅದರ ವಿರುದ್ಧ ಉಸಿರು ಎಳೆಯುವುದೇ ಒಂದು ವ್ಯಾಯಾಮ. ಮುಖ ಅದ್ದಿ ಗುಳುಗುಳು ಬಿಡುವುದು ಇನ್ನೊಂದು. ಮೈ ಹಗುರಾಗುವುದರಿಂದ ಸಡಿಲ ಕೀಲುಗಳಿಗೂ ಹಿತ. ಅವರ ಅಪ್ಪನ ಭಯಕ್ಕೂ ಕಾರಣ ಇದೆ. ಡೈವಿಂಗ್, ತಲೆ ಮುಂದಾಗಿ ಹಾರುವುದು ಕುತ್ತಿಗೆಗಾಗಿ ಯಾವತ್ತೂ ಬೇಡ. ಕಿವಿಯಲ್ಲಿ ನಳಿಕೆ ಹಾಕಿಸಿದ್ದರೆ, ಕಿವಿ ಸೋರುತ್ತಿದ್ದರೆ ಕಿವಿಯ ಡಾಕ್ಟರನ್ನು ಕೇಳಿಯೇ ಇಳಿಸಿ. ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲಿ ನೀರೊಳಗೇ ಇರಬೇಕು. ದಡದಲ್ಲಿ ಕೂತು ನೋಡುವುದು ಸಾಲದು. ಶೀತ ಇರುವ ವಾರ ಬಿಟ್ಟುಬಿಡಿ. ನೀರಿಗಿಳಿದರೆ ಶೀತ ಬಂದೇ ಬರುತ್ತದೆ ಅನ್ನುವುದು ಸರಿಯಲ್ಲ, ಶೀತ ತರುವುದು ವೈರಾಣು. ಆದರೂ ಮೈ ಒರೆಸಿ ಬೆಚ್ಚಗಿಡಿ. ಹಾಸನದ ಮಳೆಗಾಲದಲ್ಲಿ ಬಿಟ್ಟು ಬೇಸಿಗೆಯಲ್ಲಿ ಶುರು ಮಾಡುವುದು ನನಗೆ ಸರಿ ಅನಿಸುತ್ತದೆ.

ಬಲೂನ್ ಬೇಡ. ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ಊದುತ್ತಾ ಊದುತ್ತಾ ಮಗು ಥಟ್ಟನೆ ಉಸಿರು ಎಳೆದುಕೊಂಡರೆ ಬಲೂನ್ ಗಂಟಲಿಗೆ ಹೋಗುತ್ತದೆ. ಒಡೆದ ಚೂರು ಬಾಯಿಗೆ ಹಾಕಿಕೊಂಡರೂ ಹಾಗೆಯೇ. ರಬ್ಬರ್ ಒಳಗೆ ಅಂಟಿ ದಾರಿ ಪೂರ್ತಿ ಮುಚ್ಚುತ್ತದೆ. ಬದಲಿಗೆ ಸಾಬೂನು ಗುಳ್ಳೆ, ಪೀಪಿ, ತಟ್ಟೆಯ ನೀರಲ್ಲಿ ಕಾಗದದ ದೋಣಿ ಊದಿ ಓಡಿಸುವುದು ಇವೆ. ಮೌತ್ ಆರ್ಗನ್ ನನಗೆ ಇನ್ನೂ ಇಷ್ಟ, ಅದು ಎಳೆದರೂ ನುಡಿಯುತ್ತದೆ, ಬಿಟ್ಟರೂ ನುಡಿಯುತ್ತದೆ. ಕಫ ಇರುವಾಗ ಒಂದು ಬಾಟಲಿಗೆ ಅರ್ಧ ನೀರು ಹಾಕಿ, ಅಗಲವಾದ ನಳಿಕೆ ಇಳಿಸಿ ಗುಳ್ಳೆ ಎಬ್ಬಿಸಲಿ. ಆ ಒತ್ತಡಕ್ಕೆ ಗಾಳಿದಾರಿ ತೆರೆದುಕೊಂಡು ಕಫ ಸಡಿಲಾಗುತ್ತದೆ. ನೀರು ಎಳೆದು ಕುಡಿಯದ ಹಾಗೆ ಪಕ್ಕದಲ್ಲೇ ಇರಿ, ನೀರನ್ನು ದಿನಾ ಬದಲಿಸಿ. ಊದುವ ಆಟ ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು, ಜಾಸ್ತಿ ಆದರೆ ತಲೆ ಸುತ್ತುತ್ತದೆ.

ಪ್ರಾಣಾಯಾಮದಲ್ಲಿ ಭ್ರಾಮರಿ, ಓಂಕಾರ ಒಳ್ಳೆಯದು. ಉದ್ದಕ್ಕೆ ಗುಂಯ್‌ಗುಡುವುದು ಮಕ್ಕಳಿಗೂ ಖುಷಿ. ಎಷ್ಟು ಹೊತ್ತು ಗುಂಯ್‌ಗುಟ್ಟಿದಳು ಅಂತ ಎಣಿಸಿದರೆ ನಿಮಗೂ ಒಂದು ಅಳತೆ. ಕಪಾಲಭಾತಿ ಮತ್ತು ಉಸಿರು ಕಟ್ಟಿ ಹಿಡಿಯುವ ಕುಂಭಕ ಬೇಡ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬೇಡವೇ ಬೇಡ, ಭಾರ ಎಲ್ಲ ಕುತ್ತಿಗೆ ಮೇಲೆ ಬೀಳುತ್ತದೆ. ಲಾಗ ಹಾಕುವುದೂ ಅಷ್ಟೇ.

ಮೂರು ಚೆಂಡಿನ ಡಬ್ಬಿ ಊದುವುದಕ್ಕಲ್ಲ, ಎಳೆಯುವುದಕ್ಕೆ. ಎಷ್ಟೋ ಮನೆಗಳಲ್ಲಿ ಅದನ್ನು ತಿರುಗಾಮುರುಗಾ ಬಳಸುತ್ತಾರೆ. ಆಪರೇಷನ್ ಆದ ಮೇಲೆ ಮಲಗಿದವರ ಶ್ವಾಸಕೋಶ ಮುದುಡದಿರಲಿ ಅಂತ ಅದನ್ನು ಕೊಡುತ್ತಾರೆ. ಚೆಂಡು ಮೇಲೇರುವುದು ನೋಡಿ ಅವಳಿಗೆ ಖುಷಿಯಾದರೆ ಆಡಲಿ, ಅದರಿಂದಲೇ ಬಲ ಬರುತ್ತದೆ ಅಂತ ಕಾಯಬೇಡಿ. ಎಳೆಯುವ ಬಲವನ್ನೇ ಬೆಳೆಸಲು ಬೇರೆ ಸಾಧನ ಇದೆ. ಅದರಲ್ಲಿ ಸ್ಪ್ರಿಂಗ್ ಇರುತ್ತದೆ, ಮಗುವಿನ ಬಲ ಅಳೆದು ಅದರ ಶೇ. 30ರ ಸುಮಾರಿಗೆ ಶುರು ಮಾಡಿ ನಿಧಾನಕ್ಕೆ ಬಿಗಿ ಮಾಡುತ್ತಾರೆ. ಕೆಲಸ ಮಾಡುತ್ತದೆ, ಆದರೆ ಅದನ್ನು ಫಿಸಿಯೋಥೆರಪಿಸ್ಟ್ ಕಣ್ಣೆದುರೇ ಶುರು ಮಾಡಬೇಕು. ಆನ್‌ಲೈನ್‌ನಲ್ಲಿ ತರಿಸಿ ಅಂದಾಜಿಗೆ ತಿರುಗಿಸಬೇಡಿ.

ಯಾವುದೇ ಆಗಲಿ, ತುಟಿ ಉಗುರು ನೀಲಿಯಾದರೆ, ತಲೆ ತಿರುಗಿ ಬಿದ್ದರೆ, ಎದೆ ಹಿಡಿದುಕೊಂಡರೆ, ನಿಲ್ಲಿಸಿ ಹತ್ತು ನಿಮಿಷವಾದರೂ ಉಸಿರು ಸುಧಾರಿಸದಿದ್ದರೆ ಅದು ವ್ಯಾಯಾಮದ ಸುಸ್ತಲ್ಲ. ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಜ್ವರ ಬಂದು ಎದ್ದ ಮೇಲೆ ಅರ್ಧದಿಂದ ಪುನಃ ಶುರು ಮಾಡಿ. ವ್ಯಾಯಾಮ ಬಿಟ್ಟರೆ ಬಂದ ಬಲ ಕೆಲವು ವಾರಗಳಲ್ಲೇ ಇಳಿಯುತ್ತದೆ. ಹಾಗಾಗಿ ಮೂರು ತಿಂಗಳು ಜೋರಾಗಿ ಮಾಡಿ ಬಿಡುವುದಕ್ಕಿಂತ ವರ್ಷವಿಡೀ ಸ್ವಲ್ಪ ಸ್ವಲ್ಪ ಮಾಡುವುದು ಮೇಲು. ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ ಪ್ರತಿವರ್ಷ ಹಾಕಿಸಿ, ನ್ಯುಮೋನಿಯಾ ಲಸಿಕೆ ಬಾಕಿ ಇದೆಯಾ ನೋಡಿ. ಒಂದು ನ್ಯುಮೋನಿಯಾ ನಾಲ್ಕು ತಿಂಗಳ ಶ್ರಮ ನುಂಗಿಬಿಡುತ್ತದೆ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಸರ್ಕಾರಿ ಕೇಂದ್ರ) ಇಂತಹ ಮಕ್ಕಳನ್ನು ಉಚಿತವಾಗಿ ನೋಡುತ್ತಾರೆ, 18 ವರ್ಷದವರೆಗೆ. ಅಲ್ಲಿ ಫಿಸಿಯೋಥೆರಪಿಯನ್ನೂ ಕೇಳಿ. ಬೌದ್ಧಿಕ ಅಂಗವಿಕಲತೆಯ ಪ್ರಮಾಣಪತ್ರ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಸೇರಿಸಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಗೂ ಅದರಲ್ಲಿ ಒಂದು ಪಾಲು ಇದೆ.

ಇನ್ನು ಪಿಟಿ ಪೀರಿಯಡ್. ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಕಲಕಿದ್ದು ಆ ಸಾಲು. ಮೇಷ್ಟ್ರ ಮೇಲೆ ಸಿಟ್ಟು ಮಾಡಬೇಡಿ, ಅವರಿಗೂ ನಿಮ್ಮ ಅತ್ತೆಗಿರುವ ಭಯವೇ ಇದೆ. ಆದರೆ ಅಂಗವಿಕಲ ಮಕ್ಕಳಿಗೆ ಆಟದಲ್ಲಿ ಉಳಿದವರಷ್ಟೇ ಅವಕಾಶ ಕೊಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಹೃದಯದ ಡಾಕ್ಟರು ಒಪ್ಪಿದ ಮೇಲೆ ಅವರು ಬರೆದುಕೊಟ್ಟ ಚೀಟಿ ತೆಗೆದುಕೊಂಡು ಹೋಗಿ. ಅದರ ಕೆಳಗೆ ನೀವು ಮೂರು ಸಾಲು ಸೇರಿಸಿ: ಓಟ, ಚೆಂಡಾಟ, ಡ್ರಿಲ್ ಎಲ್ಲ ಮಾಡಬಹುದು. ಲಾಗ, ಕಬಡ್ಡಿ, ತಲೆಯಿಂದ ಚೆಂಡು ಹೊಡೆಯುವುದು ಬೇಡ. ಕೈಸನ್ನೆ ಮಾಡಿದರೆ ಎರಡು ನಿಮಿಷ ಕೂರಿಸಿ, ಆಮೇಲೆ ಪುನಃ ಆಟಕ್ಕೆ ಕರೆಯಿರಿ.